ಗಾಜಿನ ಕೆಳಗಿನ ಅಕ್ಷತೆ

ನವೆಂಬರ್ ತಿಂಗಳ ಎರಡನೇ ಸೋಮವಾರ, ಬೆಳಿಗ್ಗೆ ಹತ್ತು ಗಂಟೆಯಾಗುವಷ್ಟರಲ್ಲಿ ಮೂವರು ಕನ್ನಡದವರು ಫೋನ್ ಮಾಡಿ ಈ ವಾರ ಗಾಡಿ ತರುವುದಿಲ್ಲ ಅಂದರು. ಒಬ್ಬರಿಗೆ ಆಫೀಸಿನ ಮೀಟಿಂಗು, ಇನ್ನೊಬ್ಬರಿಗೆ ಮಗಳ ಜ್ವರ. ಮೂರನೆಯವರು ಕಾರಣ ಹುಡುಕುವ ಗೋಜಿಗೂ ಹೋಗಲಿಲ್ಲ. ಅಮೆರಿಕದ ಲಾರೆನ್ಸ್‌ವಿಲ್‌ನಲ್ಲಿ ಗ್ಯಾರೇಜು ತೆರೆದು ಹದಿನಾಲ್ಕು ವರ್ಷವಾಗಿದ್ದ ಹಫೀಜುಲ್ಲಾನಿಗೆ ಒಂದೇ ದಿನ ಮೂರು ಮನೆಗೆ ಮೀಟಿಂಗೂ ಜ್ವರವೂ ಬರುವುದಿಲ್ಲ ಎಂಬುದು ಗೊತ್ತಿತ್ತು. ಸಂತೆಯಲ್ಲಿ ಒಬ್ಬ ಎತ್ತಿನ ಹಗ್ಗ ಬಿಟ್ಟು ಎದ್ದರೆ ಅವನಿಗೆ ಬೆಲೆ ಹಿಡಿಸಲಿಲ್ಲ ಅನ್ನಬಹುದು. ಮೂವರು ಒಟ್ಟಿಗೆ ಎದ್ದರೆ ಯಾರೋ ಹಿಂದಿನಿಂದ ಕಿವಿಯೂದಿದ್ದಾರೆ ಎಂದೇ ಅರ್ಥ.

ಊದಿದ್ದು ಯಾರೆಂದು ಮಗಳು ನಿದಾ ತಿಳಿಸಿದಳು. ಕಾಲೇಜಿಗೆ ಹೋಗುತ್ತಲೇ ಗ್ಯಾರೇಜಿನ ಮುಂದಿನ ಕೌಂಟರಿನಲ್ಲಿ ಕುಳಿತು ಫೋನು, ಬಿಲ್ಲು ನೋಡಿಕೊಳ್ಳುವವಳು ಅವಳು. ಕನ್ನಡದವರ ವಾಟ್ಸಾಪ್ ಗ್ರೂಪಿನಲ್ಲಿ ಬಂದದ್ದನ್ನು ಅವಳ ಗೆಳತಿ ಅಕ್ಷಯಾ ಕಳಿಸಿದ್ದಳು. ನಿದಾಳಿಗೆ ಕನ್ನಡ ಓದಲು ಬಾರದು. ಫೋನನ್ನೇ ಅಪ್ಪನ ಕೈಗಿಟ್ಟಳು.

ಬರೆದದ್ದು ದತ್ತಾತ್ರೇಯ. ಒಂಬತ್ತು ವರ್ಷದ ಗಿರಾಕಿ.

'ಫ್ರೆಂಡ್ಸ್, ತುಂಬಾ ಬೇಜಾರಾಗಿ ಬರೀತಿದ್ದೀನಿ. ಶನಿವಾರದಿಂದ ನನ್ನ ಗಾಡಿ ಡೆಡ್. ಒಳಗೆಲ್ಲ ನೀರು. ಎಂಬತ್ತು ವರ್ಷದ ಹೆಸರಿರೋ ಜರ್ಮನ್ ಕಂಪನಿ, ಹಿಂಗೆಲ್ಲ ಕೈ ಕೊಡಲ್ಲ. ಹೋದ ತಿಂಗಳು ಹಫೀಜ್ ಭಾಯ್ ಹತ್ರ ಸರ್ವಿಸ್ ಮಾಡಿಸಿದ್ದೆ. ಅದೊಂದೇ ಚೇಂಜ್. ನೀವೇ ಡಿಸೈಡ್ ಮಾಡಿ.'

ಹಫೀಜುಲ್ಲಾ ಕೊನೆಯ ಸಾಲನ್ನು ಮೂರು ಸಲ ಓದಿದ. ಕಳ್ಳ ಅಂದಿದ್ದರೆ ತಡೆದುಕೊಳ್ಳಬಹುದಿತ್ತು. ಕೆಲಸ ಬಾರದವನು ಅಂದಿದ್ದರೆ ಉತ್ತರ ಕೊಡಬಹುದಿತ್ತು. ಇವನು ಏನನ್ನೂ ಅನ್ನದೆ, ಅಂದುಕೊಳ್ಳುವ ಕೆಲಸವನ್ನು ಇನ್ನೂರೈವತ್ತು ಮನೆಗೆ ಹಂಚಿ ತಾನು ಕೈ ತೊಳೆದುಕೊಂಡಿದ್ದ. ಹಫೀಜುಲ್ಲಾ ಫೋನನ್ನು ಮೇಜಿನ ಮೇಲೆ ಮಗುಚಿಟ್ಟ. ನಿದಾ ಅದನ್ನು ನೋಡಿ, "ಅಬ್ಬಾ, ಕೂತ್ಕೊಳ್ಳಿ," ಅಂದಳು. ಅವನು ಕೂರಲಿಲ್ಲ.

ಅವನ ಅಪ್ಪ ಎತ್ತಿಗೆ ಲಾಳ ಕಟ್ಟುತ್ತಿದ್ದವನು. ಊರಲ್ಲಿ ತೆಂಡೇಕೆರೆ ದನದ ಸಂತೆಯ ಅಂಚಿನ ಬೇವಿನ ಮರದ ಕೆಳಗೆ ಗೋಣಿಚೀಲ ಹಾಸಿ ಕೂರುತ್ತಿದ್ದ. ರೈತರು ಹೊಸದಾಗಿ ಕೊಂಡ ಎತ್ತನ್ನು ನೇರ ಅವನ ಹತ್ತಿರ ಹೊಡೆದುಕೊಂಡು ಬರುವರು, ಹಗ್ಗ ಹಾಕಿ ಕೆಡವುವರು, ನಾಲ್ಕು ಕಾಲನ್ನೂ ಸೇರಿಸಿ ಕಟ್ಟುವರು. ಹಳ್ಳಿಕಾರು ಕಣಯ್ಯ, ಇಂಥವರ ಹಟ್ಟಿಯ ತಳಿ ಕಣಯ್ಯ ಎಂದು ಅವರು ವರ್ಣಿಸುತ್ತಿದ್ದರೆ ಅಪ್ಪ ಹ್ಞೂಂ ಅನ್ನುತ್ತಲೇ ಗೊರಸು ಹೆರೆಯುವನು. ಹೆರೆದ ಮೇಲೆ ಒಳಗೆ ಕೊಳೆತ ಗಾಯವಿದ್ದರೆ ಬಾಯಲ್ಲಿ ಹೇಳುತ್ತಿರಲಿಲ್ಲ. ಒಡೆಯನ ಹೆಬ್ಬೆರಳು ಹಿಡಿದು ಆ ಗಾಯದ ಮೇಲೆ ಒತ್ತಿಸುವನು. ಎತ್ತು ಒದರುವುದು. ಆಮೇಲೆ ತಳಿಯ ಮಾತು ಯಾರೂ ಎತ್ತುತ್ತಿರಲಿಲ್ಲ. ಹೆಸರು ಮಾರಿದವನ ಬಾಯಲ್ಲಿರುತ್ತೆ, ಗುಣ ಕಾಲಲ್ಲಿರುತ್ತೆ ಎಂದು ಅಪ್ಪ ಸಂಜೆ ಬೀಡಿ ಹಚ್ಚುವಾಗ ಹೇಳುವನು.

ದತ್ತಾತ್ರೇಯನ ಬಾಯಲ್ಲಿ ಸದಾ ಇರುತ್ತಿದ್ದದ್ದು ಹೆಸರೇ. ಬಸವನಗುಡಿಯ ಕಡೆಯವನು, ಬ್ಯಾಂಕೊಂದರ ಸಾಫ್ಟ್‌ವೇರಿನಲ್ಲಿ ದೊಡ್ಡ ಕೆಲಸ. ಎಣ್ಣೆ ಬದಲಾಯಿಸುವ ಅರ್ಧ ಗಂಟೆಯೂ ಸುಮ್ಮನಿರದೆ, ಕೈಯಲ್ಲಿ ಕಾಫಿ ಲೋಟ ಹಿಡಿದು ಆ ಕಂಪನಿಯ ಚರಿತ್ರೆ ಹೇಳುವನು. ಬಡವರಿಗೂ ಒಂದು ಕಾರು ಎಂದು ಶುರುವಾದದ್ದಂತೆ. ಯುದ್ಧದಲ್ಲಿ ಬಾಂಬು ಬಿದ್ದು ಹಾಳಾದ ಕಾರ್ಖಾನೆಯನ್ನು ಒಬ್ಬ ಬ್ರಿಟಿಷ್ ಸೈನ್ಯದ ಅಧಿಕಾರಿ ಮತ್ತೆ ನಿಲ್ಲಿಸಿದನಂತೆ. ಜೀರುಂಡೆಯ ಆಕಾರದ ಆ ಪುಟ್ಟ ಗಾಡಿ ಲೋಕವನ್ನೇ ಸುತ್ತಿತಂತೆ. ಗಂಡಿನ ಕಡೆಯ ಕತೆಯನ್ನು ಹೆಣ್ಣಿನ ಮನೆಯಲ್ಲಿ ಹೇಳುವವರ ಹಾಗೆ, ಇರುವುದನ್ನೇ ಹೇಳುತ್ತಿದ್ದ, ಆದರೆ ಆರಿಸಿ ಹೇಳುತ್ತಿದ್ದ. ಆ ಕಾರ್ಖಾನೆಗೆ ಮೊದಲ ಕಲ್ಲಿಟ್ಟವನು ಎಂಥ ಸರ್ವಾಧಿಕಾರಿ, ಯುದ್ಧದ ಕಾಲದಲ್ಲಿ ಅಲ್ಲಿ ಹೊಡೆದು ದುಡಿಸಿಕೊಂಡ ಸೆರೆಯಾಳುಗಳು ಎಷ್ಟು ಸಾವಿರ, ಅದು ಅವನ ಕತೆಯಲ್ಲಿ ಬರುತ್ತಿರಲಿಲ್ಲ. ಎರಡು ಸಾವಿರದ ಹದಿನೈದೂ ಬರುತ್ತಿರಲಿಲ್ಲ.

ಹಫೀಜುಲ್ಲಾ ಮರೆಯಲಾರದ್ದು ಆ ಹದಿನೈದನೇ ಇಸವಿಯನ್ನೇ. ಕಂಪನಿಯ ಡೀಸೆಲ್ ಗಾಡಿಗಳ ಒಳಗೆ ಒಂದು ಸಾಫ್ಟ್‌ವೇರ್ ಕೂತಿತ್ತು. ಪರೀಕ್ಷೆ ನಡೆಯುತ್ತಿದೆ ಎಂದು ತಿಳಿದರೆ ಗಾಡಿ ಹೊಗೆಯನ್ನು ಶುದ್ಧವಾಗಿ ಬಿಡುವುದು, ರಸ್ತೆಗೆ ಇಳಿದರೆ ಹತ್ತಾರು ಪಟ್ಟು ವಿಷ. ಅದು ಬಯಲಾದ ದಿನ ಅವನು ಮೈಥಿಲಿ ಎಂಬ ನರ್ಸಿನ ಮನೆಗೆ ತಾನೇ ಹೋಗಿದ್ದ. ಉಬ್ಬಸದ ಮಗುವಿದ್ದ ಆಕೆ, ಡೀಸೆಲ್ ತಗೊಳ್ಳಲಾ ಎಂದು ಕೇಳಿದಾಗ, ತಗೊಳ್ಳಿ ತಾಯಿ, ಹೊಗೆ ಕಮ್ಮಿ ಎಂದು ಹೇಳಿದ್ದವನು ಅವನೇ. ಬಾಗಿಲಲ್ಲೇ ನಿಂತು, ನನ್ನ ಮಾತು ಕೇಳಿ ಮೋಸಹೋದಿರಿ ಅಂದಿದ್ದ. ಮುಂದೆ ಕಂಪನಿ ಆ ಗಾಡಿಯನ್ನು ಹಿಂದಕ್ಕೆ ಕೊಂಡುಕೊಂಡಿತು. ಆದರೂ ಅಂದಿನಿಂದ ಅವನು ಯಾವ ಕಂಪನಿಯ ಪರವಾಗಿಯೂ ಮಾತು ಕೊಡಲಿಲ್ಲ. ಬೋಲ್ಟು ಬಿಚ್ಚುವುದು, ಕಂಡದ್ದನ್ನು ಹೇಳುವುದು, ಅಷ್ಟೇ.

ಕಂಡದ್ದನ್ನು ಹೇಳುವುದು ಎಂದುಕೊಂಡಾಗ ಅವನಿಗೆ ಒಳಗೆ ಏನೋ ಚುಚ್ಚಿತು.

ದತ್ತಾತ್ರೇಯನ ಗಾಡಿಯೊಳಗೆ ನೀರು ಹೇಗೆ ಬಂತೆಂಬುದು ಅವನಿಗೆ ಗಾಡಿ ನೋಡದೆಯೇ ಹೊಳೆದಿತ್ತು. ಮುಂದಿನ ಗಾಜಿನ ಬುಡದಲ್ಲಿ, ವೈಪರ್ ಕೂರುವ ಜಾಗದ ಕೆಳಗೆ ಒಂದು ತೊಟ್ಟಿಯಂಥ ಕಂದಕವಿದೆ. ಗಾಜಿನ ಮೇಲೆ ಸುರಿದ ಮಳೆ ಅದರೊಳಗೆ ಇಳಿದು, ಎರಡು ತೂತುಗಳಿಂದ ನೆಲಕ್ಕೆ ಹೋಗುತ್ತದೆ. ಎಲ್ಲ ಕಂಪನಿಯ ಗಾಡಿಗೂ ಇಂಥದ್ದಿದೆ. ತೂತು ಕಟ್ಟಿದರೆ ತೊಟ್ಟಿ ತುಂಬಿ, ನೀರು ಕ್ಯಾಬಿನ್ನಿಗೆ ನುಗ್ಗಿ ಕಾರ್ಪೆಟ್ಟಿನ ಕೆಳಗಿನ ಕಂಪ್ಯೂಟರ್ ಡಬ್ಬಿಯನ್ನು ಮುಳುಗಿಸುತ್ತದೆ. ಅಮೆರಿಕನ್ನರ ಗಾಡಿಯಲ್ಲಿ ಓಕ್ ಎಲೆ ಕಟ್ಟುತ್ತದೆ. ಕನ್ನಡದವರ ಗಾಡಿಯಲ್ಲಿ, ಆಯುಧಪೂಜೆ ಕಳೆದ ತಿಂಗಳು, ಅಕ್ಷತೆ ಕಟ್ಟುತ್ತದೆ. ಬಾನೆಟ್ಟಿನ ಮೇಲೆ ಎರಚಿದ ಅಕ್ಕಿ, ಪುರಿ, ಚೆಂಡು ಹೂವಿನ ಎಸಳು ಎಲ್ಲ ಜಾರಿ ಆ ಕಂದಕಕ್ಕೇ ಬೀಳುತ್ತವೆ. ಹಾರವನ್ನು ತಾನಾಗಿ ಉದುರುವತನಕ ಬಿಚ್ಚಬಾರದೆಂದು ಬಿಡುವುದರಿಂದ ಅದೂ ಒಣಗಿ ಅಲ್ಲಿಗೇ ಸೇರುತ್ತದೆ. ಮೊದಲ ಮಳೆಗೆ ಅಕ್ಕಿ ಉಬ್ಬಿ, ಅರಿಶಿನದೊಡನೆ ಕಲಸಿ, ಗಾರೆಯ ಹಾಗೆ ಕೂರುತ್ತದೆ.

ಎಂಟು ವರ್ಷದಿಂದ ಅವನು ಇದನ್ನು ಕಂಡಿದ್ದಾನೆ. ಪ್ರತಿ ನವೆಂಬರಿನಲ್ಲಿ ಕನ್ನಡದವರ ಗಾಡಿಗಳು ಸರ್ವಿಸಿಗೆ ಬಂದಾಗ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿ, ಕೈಯಿಂದಲೇ ತೆಗೆದು, ಗಾಳಿ ಹೊಡೆದು ಶುದ್ಧ ಮಾಡುವನು. ತೆಗೆದದ್ದನ್ನು ಕಸದ ಡಬ್ಬಿಗೆ ಹಾಕಲು ಮನಸ್ಸು ಬಾರದೆ ಗ್ಯಾರೇಜಿನ ಹಿಂದಿನ ಮರದ ಬುಡಕ್ಕೆ ಹಾಕುವನು. ಬಿಲ್ಲಿನಲ್ಲಿ ಬರೆಯಲಿಲ್ಲ. ಒಬ್ಬರಿಗೂ ಬಾಯಿಬಿಟ್ಟು ಹೇಳಲಿಲ್ಲ. ಸಾಬಿ ನಮ್ಮ ಪೂಜೆಗೆ ಕೊಂಕು ತೆಗೆದ ಅಂದರೆ? ಈ ವರ್ಷ ದತ್ತಾತ್ರೇಯ ಹತ್ತು ಗಂಟೆ ಪ್ರಯಾಣದಷ್ಟು ದೂರದ ಲ್ಯಾನ್‌ಹ್ಯಾಮ್ ದೇವಸ್ಥಾನಕ್ಕೆ ಗಾಡಿಯಲ್ಲೇ ಹೋಗಬೇಕೆಂದು, ಹಬ್ಬಕ್ಕೆ ಮುಂಚೆಯೇ ಸರ್ವಿಸ್ ಮಾಡಿಸಿಕೊಂಡು ಹೋದ. ಪೂಜೆ ಆಮೇಲೆ ಆಯಿತು. ಹೋದ ವಾರ ಫ್ಲಾರಿಡಾ ಕಡೆಯ ತುಫಾನಿನ ಬಾಲ ಜಾರ್ಜಿಯಾದ ಮೇಲೆ ಹಾದು ಎರಡು ದಿನ ಬಿಡದೆ ಸುರಿದಿತ್ತು.

ಮಧ್ಯಾಹ್ನ ಊಟ ತಂದ ಹೆಂಡತಿ ಅಖ್ತರ್ ಬೇಗಂ ಅವನ ಮುಖ ನೋಡಿಯೇ ಡಬ್ಬಿ ತೆರೆಯದೆ ನಿಂತಳು. ನಿದಾ ಆಗಲೇ ಎಲ್ಲ ಹೇಳಿದ್ದಳು. ಈಗಲೇ ಅವನ ಮನೆಗೆ ಹೋಗುತ್ತೇನೆ ಎಂದು ಹಫೀಜುಲ್ಲಾ ಹೇಳಿದಾಗ ಅವಳು ತಡೆಯಲಿಲ್ಲ, ಒಂದು ಬುದ್ಧಿ ಮಾತ್ರ ಹೇಳಿದಳು. ಎಲೆ ಅನ್ನಿ, ಓಕ್ ಮರದ ಎಲೆ ಕಟ್ಟಿತ್ತು ಅನ್ನಿ, ಅವರಿಗೂ ಮರ್ಯಾದೆ, ನಮಗೂ ನೆಮ್ಮದಿ.

"ಎಂಟು ವರ್ಷ ಅದನ್ನೇ ಅಂದಿದ್ದೀನಿ," ಅಂದ ಅವನು. "ಬಾಯಿ ಬಿಡದೆ ಅಂದಿದ್ದೀನಿ. ಅದಕ್ಕೇ ಇವತ್ತು ಇದು."

ದತ್ತಾತ್ರೇಯನ ಗಾಡಿ ಮನೆಯ ಮುಂದಿನ ಓಣಿಯಲ್ಲೇ ನಿಂತಿತ್ತು. ಅವರ ಮನೆಯ ಗ್ಯಾರೇಜಿನ ತುಂಬ ಸಾಮಾನು, ಕಾರು ಸದಾ ಹೊರಗೇ. ಬಾನೆಟ್ಟಿನ ಅಂಚಿಗೆ ಒಣಗಿದ ಹಾರದ ದಾರ ಇನ್ನೂ ಜೋತು ಬಿದ್ದಿತ್ತು. ಕೆಟ್ಟ ಗಾಡಿ ಹೊರಲು ಹಫೀಜುಲ್ಲಾ ತಂದ ಟೋ ಟ್ರಕ್ಕಿನ ಸದ್ದಿಗೆ ಮೊದಲು ಹೊರಬಂದವಳು ದತ್ತಾತ್ರೇಯನ ಹೆಂಡತಿ ವೇದಾ. ಕಾಫಿ ಕುಡೀತೀರಾ ಎಂದು ಅಭ್ಯಾಸದಂತೆ ಕೇಳಿ, ಗ್ರೂಪಿನ ಮಾತು ನೆನಪಾಗಿ ಪಕ್ಕಕ್ಕೆ ಸರಿದಳು. ಹಿಂದೆಯೇ ದತ್ತಾತ್ರೇಯ ಬಂದ. ಕಿವಿಯಲ್ಲಿ ಮೀಟಿಂಗಿನ ಯಂತ್ರ ಹಾಗೇ ಇತ್ತು. ಡೀಲರ್ ಹತ್ತಿರ ಹತ್ತು ದಿನದ ನಂತರದ ಅಪಾಯಿಂಟ್‌ಮೆಂಟ್ ಸಿಕ್ಕಿದೆ, ಅವರೇ ನೋಡುತ್ತಾರೆ, ನೀವು ಯಾಕೆ ಬರಲು ಹೋದಿರಿ ಎಂದು ರಾಗವಾಗಿ ಹೇಳಿದ.

ಹಫೀಜುಲ್ಲಾ ಬಾನೆಟ್ ಎತ್ತಿದ. ವೈಪರ್ ಬಿಚ್ಚಿ, ಮುಚ್ಚಳ ತೆಗೆದು ಪಕ್ಕಕ್ಕಿಟ್ಟ. ತೊಟ್ಟಿಯಲ್ಲಿ ಅರ್ಧ ಗೇಣು ನೀರು ನಿಂತು ಅರಿಶಿನದ ಬಣ್ಣಕ್ಕೆ ತಿರುಗಿತ್ತು. ಅವನು ಟಾರ್ಚು ಹಿಡಿದು ಪಕ್ಕಕ್ಕೆ ಸರಿದ.

"ಕೈ ಹಾಕಿ, ಸಾರ್."

"ನಾನಾ?"

"ನಾನು ಹಾಕಿದ್ರೆ ನಾನೇ ಇಟ್ಟೆ ಅಂತೀರಿ. ನೀವೇ ಹಾಕಿ."

ದತ್ತಾತ್ರೇಯ ಅತ್ತಿತ್ತ ನೋಡಿ, ಅಂಗಿಯ ತೋಳು ಮಡಿಸಿ, ನೀರಿನೊಳಗೆ ಎರಡು ಬೆರಳಿಟ್ಟ. ಸಿಗಲಿಲ್ಲ. ಇನ್ನೂ ಕೆಳಗೆ ಅಂದ ಹಫೀಜುಲ್ಲಾ. ಮಣಿಕಟ್ಟಿನವರೆಗೂ ಇಳಿಸಿದ ಕೈ ಒಂದು ಉಂಡೆ ಹಿಡಿದುಕೊಂಡು ಮೇಲೆ ಬಂತು. ನೀರು ಗೊಳಗೊಳ ಸದ್ದು ಮಾಡುತ್ತ ಇಳಿದು ಓಣಿಯ ಸಿಮೆಂಟಿನ ಮೇಲೆ ಹಳದಿಯಾಗಿ ಹರಿಯಿತು. ಅಂಗೈಯಲ್ಲಿದ್ದ ಉಂಡೆ ಕರಗಿ ಅಕ್ಕಿಯಾಯಿತು, ಪುರಿಯಾಯಿತು, ಹೂವಿನ ಎಸಳಾಯಿತು.

ವೇದಾ ಬಗ್ಗಿ ನೋಡಿದಳು. "ರೀ, ನಮ್ಮ ಅಕ್ಷತೆ," ಅಂದಳು. ಅವಳ ದನಿಯಲ್ಲಿ ನಾಚಿಕೆಯಿತ್ತೇ ಹೊರತು ಅನುಮಾನವಿರಲಿಲ್ಲ. ತುಳಿಯುವ ಜಾಗಕ್ಕೆ ಬೀಳದಿರಲಿ ಎಂದು ಗಂಡನ ಅಂಗೈಯಿಂದ ಅದನ್ನು ತನ್ನ ಬೊಗಸೆಗೆ ಹಾಕಿಕೊಂಡು ಗುಲಾಬಿ ಗಿಡದ ಕಡೆ ನಡೆದಳು.

ಹಫೀಜುಲ್ಲಾ ಕಾಯುತ್ತಿದ್ದ. ತಪ್ಪಾಯ್ತು ಎನ್ನುವ ಒಂದು ಮಾತು ಬಂದಿದ್ದರೆ ಅವನು ಅಲ್ಲೇ ಗಾಡಿಯನ್ನು ಟ್ರಕ್ಕಿಗೆ ಏರಿಸಿಕೊಂಡು ಹೋಗುತ್ತಿದ್ದ, ಕಂಪ್ಯೂಟರ್ ಡಬ್ಬಿ ಒಣಗಿಸಿ ಉಳಿಸಲು ನೋಡುತ್ತಿದ್ದ. ದತ್ತಾತ್ರೇಯ ಕೈ ಒರೆಸಿಕೊಂಡ. ಆಮೇಲೆ ಅವನ ಮುಖಕ್ಕೆ ನಗು ಬಂತು. ನೋಡಿ ಭಾಯ್, ಇಷ್ಟು ಚಿಕ್ಕ ತೂತು ಇಟ್ಟಿದ್ದಾರಲ್ಲ, ಇದು ಕಂಪನಿಯ ಡಿಫೆಕ್ಟೇ ಅಲ್ಲವಾ ಅಂದ. ಡೀಸೆಲ್ ವಿಷಯದಲ್ಲಿ ಮೋಸ ಮಾಡಿದವರು ಇದರಲ್ಲಿ ಬಿಡುತ್ತಾರಾ ಅಂದ. ಒಂಬತ್ತು ವರ್ಷ ಬಾಯಿಗೆ ಬಾರದ ಡೀಸೆಲ್ಲಿನ ಮಾತು ಈಗ ತಾನಾಗಿ ಬಂದಿತ್ತು. ಹೇಳುತ್ತಲೇ ಫೋನು ತೆಗೆದು ಹೆಬ್ಬೆರಳುಗಳಿಂದ ಟಕಟಕ ಬರೆದ. ಬರೆದದ್ದನ್ನು ತಿರುಗಿಸಿ ತೋರಿಸಿದ.

'ಅಪ್‌ಡೇಟ್: ಹಫೀಜ್ ಭಾಯ್ ಮನೆಗೇ ಬಂದು ಚೆಕ್ ಮಾಡಿದ್ರು. ಅವರ ತಪ್ಪು ಏನೂ ಇಲ್ಲ. ಕಂಪನಿಯ ಡಿಸೈನ್ ಡಿಫೆಕ್ಟ್. ಕೇಸ್ ಹಾಕೋಣ ಅಂತಿದ್ದೀನಿ. ಭಾಯ್ ಜೆನ್ಯೂನ್ ಮನುಷ್ಯ, ಎಲ್ಲರೂ ಅವರ ಹತ್ರಾನೇ ಹೋಗಿ.'

"ನೋಡಿ, ನಿಮ್ಮ ಹೆಸರು ಕ್ಲಿಯರ್ ಆಯ್ತು," ಅಂದ ದತ್ತಾತ್ರೇಯ. ಫೋನು ಆಗಲೇ ಟಿಣ್ ಟಿಣ್ ಎಂದು ಮೆಚ್ಚುಗೆಯ ಹೆಬ್ಬೆರಳಿನ ಗುರುತುಗಳನ್ನು ತರುತ್ತಿತ್ತು.

ಹಫೀಜುಲ್ಲಾ ಬೆಳಿಗ್ಗೆಯಿಂದ ಹಿಡಿದಿಟ್ಟುಕೊಂಡಿದ್ದ ಸಿಟ್ಟು ಆಗ ಏರಿತು. ಬೆಳಗಿನ ಮಾತಿಗೆ ಬಂದಿದ್ದಕ್ಕಿಂತ ಈ ಹೊಗಳಿಕೆಗೆ ಹೆಚ್ಚಾಗಿ ಬಂತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನು ಬೆಳಿಗ್ಗೆ ಹಫೀಜುಲ್ಲಾನನ್ನೇ ಡೊಂಕು ನೆಲ ಮಾಡಿದ್ದ, ಈಗ ಸಮುದ್ರದಾಚೆಯ ಕಂಪನಿಯ ನೆಲವನ್ನು ತೋರಿಸುತ್ತಿದ್ದ. ನೆಲ ಯಾವುದಾದರೇನು, ಇವನ ಕಾಲಂತೂ ನೆಟ್ಟಗೇ ಇರಬೇಕು.

"ಅದನ್ನ ತೆಗೀರಿ," ಅಂದ.

"ಯಾವುದನ್ನ?"

"ಈಗ ಬರೆದ್ರಲ್ಲ, ಅದನ್ನ. ಹೊಗೆ ವಿಷಯದಲ್ಲಿ ಆ ಕಂಪನಿ ಸುಳ್ಳು ಹೇಳ್ತು. ಹೇಳ್ತು ಅಂತ ನಾನೇ ಗಿರಾಕಿ ಮನೆ ಬಾಗಿಲಿಗೆ ಹೋಗಿ ಹೇಳಿದ್ದೀನಿ. ಆಗ ನೀವು ಅದರ ಸುದ್ದೀನೇ ಎತ್ತಲಿಲ್ಲ. ಇದರಲ್ಲಿ ಅದು ಸುಳ್ಳು ಹೇಳಿಲ್ಲ ಸಾರ್. ನಾನೂ ಹೇಳಿಲ್ಲ. ಮಿಕ್ಕೋರು ಯಾರು?"

ದತ್ತಾತ್ರೇಯನ ನಗು ನಿಂತಿತು. ದನಿ ತಗ್ಗಿಸಿ, ಬುದ್ಧಿ ಹೇಳುವವನಂತೆ ಮಾತಾಡಿದ. ಪೂಜೆಯ ವಿಷಯ ಗ್ರೂಪಿನಲ್ಲಿ ಹಾಕಿದರೆ ಮಾತು ಬೇರೆ ಕಡೆ ತಿರುಗುತ್ತದೆ, ಈಗಿನ ಕಾಲ ನಿಮಗೇ ಗೊತ್ತಲ್ಲ ಅಂದ. "ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ ಭಾಯ್."

"ನನ್ನ ಒಳ್ಳೇದು ಎಂಟು ವರ್ಷ ನಾನೇ ನೋಡ್ಕೊಂಡೆ. ನಿಮ್ಮ ಪೂಜೆ ಅಕ್ಕೀನ ನಿಮಗೆ ಕಾಣದ ಹಾಗೆ ತೆಗೆದು, ಮರದ ಬುಡಕ್ಕೆ ಹಾಕಿ, ಬಾಯಿ ಮುಚ್ಕೊಂಡಿದ್ದೆ. ಪೂಜೆ ತಪ್ಪು ಅಂತ ಯಾವತ್ತೂ ಅನ್ಲಿಲ್ಲ, ಅನ್ನೋದೂ ಇಲ್ಲ. ಮಾಡಿ. ಮಾಡಿದ ಮೇಲೆ ಆ ಮುಚ್ಚಳ ಎತ್ತಿ ಒಂದು ಸಲ ಒರೆಸಿ. ಅಷ್ಟು ಹೇಳೋಕೆ ನಾನು ಹೆದರಬೇಕಾ? ಬರೆಯೋಕೆ ನೀವು ಹೆದರಬೇಕಾ?"

ಗುಲಾಬಿ ಗಿಡದ ಹತ್ತಿರ ನಿಂತಿದ್ದ ವೇದಾ ಗಂಡನ ಕಡೆ ನೋಡಿದಳು. ಅವನು ಫೋನಿನ ಕಡೆ ನೋಡುತ್ತಿದ್ದ. ಹೆಬ್ಬೆರಳಿನ ಗುರುತುಗಳು ಮೂವತ್ತು ದಾಟಿದ್ದವು. ಈಗ ಹೇಗೆ ತೆಗೆಯೋದು ಎಂದು ಅವನು ಗೊಣಗಿದ. ಹಫೀಜುಲ್ಲಾ ಮುಚ್ಚಳವನ್ನು ಸ್ವಸ್ಥಾನಕ್ಕೆ ಕೂರಿಸಿ, ವೈಪರ್ ಬಿಗಿದು, ಬಾನೆಟ್ ಇಳಿಸಿದ. ಗಾಡಿಯನ್ನು ಏರಿಸಿಕೊಳ್ಳಲಿಲ್ಲ. ಗ್ರೂಪಿನಿಂದ ಅದನ್ನು ತೆಗೆದ ದಿನ ಫೋನ್ ಮಾಡಿ, ಆವತ್ತೇ ಬಂದು ಒಯ್ಯುತ್ತೇನೆ ಎಂದಷ್ಟೇ ಹೇಳಿ ಖಾಲಿ ಟ್ರಕ್ ತಿರುಗಿಸಿದ.

ಸಂಜೆಯೊಳಗೆ ಬೆಳಗಿನ ಮೂವರೂ ಮತ್ತೆ ಫೋನ್ ಮಾಡಿದರು. ಮೀಟಿಂಗು ಮುಗಿದಿತ್ತು, ಜ್ವರ ಇಳಿದಿತ್ತು. ನಿದಾ ಸಮಯ ಕೊಡಲು ಕೈ ಎತ್ತಿದವಳು ಅಪ್ಪನ ಮುಖ ನೋಡಿ, "ವೈ ಆರ್ ಯೂ ಸ್ಟಿಲ್ ಆಂಗ್ರಿ, ಅಬ್ಬಾ? ಅವ್ರು ಸಾರಿ ತರಾನೇ ಹೇಳಿದ್ರಲ್ಲ," ಅಂದಳು. ಅವನು, ಸಾರಿ ತರ ಇರೋದು ಸಾರಿ ಅಲ್ಲ ಮಗಾ, ಎಲ್ಲರಿಗೂ ಟೈಮ್ ಕೊಡು ಅಂದ. ಆಮೇಲೆ ಒಂದು ದೊಡ್ಡ ರಟ್ಟು, ಕಪ್ಪು ಮಾರ್ಕರ್ ಕೇಳಿದ.

ಕನ್ನಡ ಬರೆದು ಎಷ್ಟೋ ವರ್ಷವಾಗಿತ್ತು. ಸರ್ಕಾರಿ ಶಾಲೆಯ ಬಳಪ ಹಿಡಿದ ಹಾಗೆ ಮಾರ್ಕರ್ ಹಿಡಿದು, ಒಂದೊಂದೇ ಅಕ್ಷರ ಕೂರಿಸಿದ.

'ಆಯುಧಪೂಜೆ ಆದ ವಾರದೊಳಗೆ ಗಾಡಿ ತನ್ನಿ. ಅಕ್ಕಿ, ಪುರಿ, ಹೂವು ಗಾಜಿನ ಕೆಳಗೆ ಸೇರಿ ನೀರಿನ ತೂತು ಕಟ್ಟುತ್ತವೆ. ದುಡ್ಡಿಲ್ಲದೆ ತೆಗೆದುಕೊಡುತ್ತೇನೆ. ಇದು ಕಂಪನಿಯ ತಪ್ಪಲ್ಲ. ನನ್ನ ತಪ್ಪೂ ಅಲ್ಲ.'

ಬರೆದು ದೂರ ನಿಂತು ಓದಿದ. ಕೊನೆಯ ಸಾಲಿನ ಹತ್ತಿರ ಕಣ್ಣು ನಿಂತಿತು. ಕಂಪನಿ ಗಾಡಿ ಮಾರಲೆಂದು ಹೊಗೆ ಮುಚ್ಚಿಟ್ಟಿತು. ತಾನು ಗಿರಾಕಿ ಉಳಿಯಲೆಂದು ಅಕ್ಕಿ ಮುಚ್ಚಿಟ್ಟಿದ್ದ. ಅಪ್ಪನಾಗಿದ್ದರೆ ಮೊದಲ ವರ್ಷವೇ ದತ್ತಾತ್ರೇಯನ ಹೆಬ್ಬೆರಳು ಹಿಡಿದು ಒತ್ತಿಸುತ್ತಿದ್ದ. ಹಫೀಜುಲ್ಲಾ ಹಲ್ಲು ಕಚ್ಚಿಕೊಂಡು, ಆ ಕೊನೆಯ ಸಾಲಿನ ಮೇಲೆ ಕಪ್ಪು ಗೆರೆ ಎಳೆದು, ಕೆಳಗೆ ಬರೆದ: 'ಎಂಟು ವರ್ಷದಿಂದ ಗೊತ್ತಿದ್ದೂ ಹೇಳದೆ ಇದ್ದದ್ದು ನನ್ನ ತಪ್ಪು.' ಹೊಡೆದು ಹಾಕಿದ್ದು ಕಾಣುತ್ತೆ, ಬೇರೆ ರಟ್ಟು ತರಲಾ ಎಂದು ನಿದಾ ಕೇಳಿದಳು. ಕಾಣಲಿ ಅಂದ.

ಗುರುವಾರ ಬೆಳಿಗ್ಗೆ ಮೊದಲು ಬಂದವರು ಸಿದ್ಧಲಿಂಗೇಶ್. ಕನ್ನಡದವರ ಸಂಘದ ಅಧ್ಯಕ್ಷರು, ಆ ಗ್ರೂಪ್ ನಡೆಸುವವರೂ ಅವರೇ. ಅವರದೂ ಅದೇ ಕಂಪನಿಯ ಗಾಡಿ. ಎರಡು ವರ್ಷದಿಂದ ಡೀಲರ್ ಹತ್ತಿರ ಹೋಗುತ್ತಿದ್ದವರು ಈಗ ಡಿಫೆಕ್ಟಿನ ಸುದ್ದಿಗೆ ಹೆದರಿ ಬಂದಿದ್ದರು. ಒಳಗೆ ಬರುತ್ತಲೇ, ಕೇಸು ಹಾಕುವುದಾದರೆ ನಾನೂ ಸೇರುತ್ತೇನೆ, ನೀವು ಎಕ್ಸ್‌ಪರ್ಟ್ ಅಂತ ಒಂದು ಲೆಟರ್ ಕೊಡಬೇಕು ಎಂದು ಶುರುಮಾಡಿದವರ ಕಣ್ಣು ಗೋಡೆಗೆ ತೂಗುಹಾಕಿದ್ದ ರಟ್ಟಿನ ಮೇಲೆ ಬಿತ್ತು. ನಿಧಾನವಾಗಿ ಓದಿದರು. ಹೊಡೆದು ಹಾಕಿದ ಸಾಲನ್ನೂ ಓದಿದರು.

"ಇದನ್ನ ತೆಗೆದುಬಿಡಿ, ಹಫೀಜ್ ಭಾಯ್," ಅಂದರು ತಗ್ಗಿದ ದನಿಯಲ್ಲಿ. "ನೋಡಿದವರು ತಪ್ಪು ತಿಳ್ಕೋತಾರೆ."

ದತ್ತಾತ್ರೇಯನಿಂದ ಫೋನು ಬಂದಿರಲಿಲ್ಲ. ಅವನ ಗಾಡಿ ಅದೇ ಓಣಿಯಲ್ಲಿ ಹಾಗೇ ನಿಂತಿತ್ತು. ಹಫೀಜುಲ್ಲಾ ಸಿದ್ಧಲಿಂಗೇಶರ ಕೈಯಿಂದ ಕೀಲಿ ತೆಗೆದುಕೊಂಡ. ಗಾಡಿಯನ್ನು ಒಳಗೆ ತಂದು, ಬಾನೆಟ್ ಎತ್ತಿ, ಮುಚ್ಚಳ ಬಿಚ್ಚಿಟ್ಟ. ಟಾರ್ಚು ಹಿಡಿದು ಪಕ್ಕಕ್ಕೆ ಸರಿದು ನಿಂತ.

"ಸುಳ್ಳು ಅನ್ನಿಸಿದ್ರೆ ನಾನೇ ಹರಿದು ಹಾಕ್ತೀನಿ, ಅಧ್ಯಕ್ಷರೇ. ಮೊದಲು ಕೈ ಹಾಕಿ."

ಅಧ್ಯಕ್ಷರು ಒಮ್ಮೆ ಕಂದಕದ ಕಡೆ ನೋಡಿದರು, ಒಮ್ಮೆ ಬಾಗಿಲ ಕಡೆ. ಹೊರಗೆ ಎರಡನೆಯ ಗಾಡಿ ಬಂದು ನಿಲ್ಲುತ್ತಿತ್ತು. ಹಫೀಜುಲ್ಲಾ ಟಾರ್ಚನ್ನು ಇಳಿಸಲಿಲ್ಲ. ಕೊನೆಗೆ ಅವರು ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡು, ಬಲಗೈಯ ತೋಳನ್ನು ಮಡಿಸತೊಡಗಿದರು.